ಸೀಟಿ ಊದಿದ ಸಮಯ

ಫೆಬ್ರವರಿ 8, ಶನಿವಾರ

ಸೀಟಿಗಳನ್ನು ಬಿಸಿನೀರಲ್ಲಿ ತೊಳೆದಿಟ್ಟೆ. ಎರಡು ಕಾರ್ಡು, ಪೆನ್ಸಿಲ್. ಹೋದ ವಾರ ಗಫ್ಸಾ ಪಟ್ಟಣದ ಫುಟ್‌ಬಾಲ್ ಪಂದ್ಯದಲ್ಲಿ ನನ್ನ ರೆಫರಿಗಿರಿಗೆ ಅಂಕ ಹಾಕಲು ಬಂದಿದ್ದ ಮುದುಕ ಇನ್ನೂ ತಲೆಯಲ್ಲೇ ಕೂತಿದ್ದಾನೆ. "ಫೌಲ್ ಕಂಡ ಕೂಡ್ಲೇ ಊದ್ತೀಯಲ್ಲ ಲಮ್ಜದ್, ನೀನೇನು ರೈಲ್ವೆ ಗಾರ್ಡಾ? ಪೆಟ್ಟು ತಿಂದವರ ಕಡೇನೇ ಚೆಂಡಿದ್ರೆ ಆಟ ಬಿಡು. ಎರಡು ಎಣಿಸು, ಆಮೇಲೆ ಊದು." ಹತ್ತಕ್ಕೆ ಐದೂವರೆ. ಇನ್ನೊಮ್ಮೆ ಹೀಗಾದರೆ ಮೇಲಿನ ಡಿವಿಷನ್ ಆಸೆ ಬಿಡಬೇಕು.

ನಾಳೆ ಎಣಿಸುತ್ತೇನೆ.

ಫೆಬ್ರವರಿ 9, ಭಾನುವಾರ, ಸಂಜೆ 7

ಎಂಬತ್ತೆಂಟನೇ ನಿಮಿಷ. ಗಣಿ ಕಾಲೊನಿ ತಂಡದ ವಜ್ದಿ ಪಾಸ್ ಕೊಟ್ಟ. ಕೊಟ್ಟ ಮೇಲೆ ಎದುರಾಳಿಯ ಮೊಣಕೈ ಅವನ ಕಿವಿಯ ಹಿಂದೆ ಬಿತ್ತು. ಸೀಟಿ ಬಾಯಲ್ಲೇ ಇತ್ತು. ಚೆಂಡು ವಜ್ದಿ ಕಡೆಯವರ ಕಾಲಲ್ಲಿ. ಒಂದು... ಎರಡು... ಕೈ ಮುಂದೆ ಚಾಚಿ ಆಟ ಬಿಟ್ಟೆ. ಗೋಲು. ನನಗೆ ನಾನೇ ಶಹಬಾಸ್ ಅಂದುಕೊಂಡೆ — ಥೂ. ಗೋಲು ಬರೆದುಕೊಂಡು ತಿರುಗಿದರೆ ವಜ್ದಿ ಬಿದ್ದಲ್ಲೇ ಇದ್ದ. ಮುಖ ನೀಲಿ.

ತಲೆಗೆ ಪೆಟ್ಟಾದರೆ ಎಣಿಸುವ ಹಾಗಿಲ್ಲ, ತಕ್ಷಣ ಊದಬೇಕು. ಹೊಸದಾಗಿ ಸೀಟಿ ಹಿಡಿದವನಿಗೂ ಗೊತ್ತು. ಪೆಟ್ಟು ಬಿದ್ದು ನಾನು ಊದುವಷ್ಟರಲ್ಲಿ ಲೈನ್ಸ್‌ಮನ್ ಮೊಂಜಿಯ ವಾಚಿನಲ್ಲಿ ನಲವತ್ತು ಸೆಕೆಂಡ್ ಕಳೆದಿತ್ತು.

ಫೆಬ್ರವರಿ 10, ಸೋಮವಾರ

ಬೆಳಿಗ್ಗೆ ಆಸ್ಪತ್ರೆಯಲ್ಲಿ ವಜ್ದಿ ತೀರಿಕೊಂಡ. ಇಪ್ಪತ್ತೆರಡು ವರ್ಷ. ಶಾಲೆಗೆ ರಜೆ ಹಾಕಿದೆ. ಮಕ್ಕಳ ಮುಂದೆ ಹೇಗೆ ನಿಲ್ಲಲಿ?

ಪಂದ್ಯದ ವರದಿ ಇವತ್ತೇ ಲೀಗ್ ಕಚೇರಿಗೆ ಹೋಗಬೇಕು. ಮೊಂಜಿ ಮನೆಗೇ ಬಂದ.

"ತಕ್ಷಣ ಊದಿದೆ ಅಂತ ಬರಿಯೋ. ನಾನೂ ಹಾಗೇ ಹೇಳ್ತೀನಿ."

"ಗೋಲು?"

"ಸೀಟಿ ಆದ್ಮೇಲೆ ಬಿದ್ದಿದ್ದು, ಲೆಕ್ಕಕ್ಕಿಲ್ಲ ಅನ್ನು. ಆ ಗದ್ದಲದಲ್ಲಿ ಸೀಟಿ ಯಾರಿಗೆ ಕೇಳ್ತಿತ್ತು? ಹೋದವನು ಗೋಲು ಕೇಳೋಕೆ ಬರ್ತಾನಾ?"

ಬರೆದೆ. ಸೀಟಿ ಊದಿದ ಸಮಯ: ತಕ್ಷಣ. ಫಲಿತಾಂಶ: ಸೊನ್ನೆ–ಸೊನ್ನೆ.

ಫೆಬ್ರವರಿ 21, ಶುಕ್ರವಾರ

ನಮಾಜು ಮುಗಿಸಿ ಹೊರಬಂದರೆ ವಜ್ದಿಯ ಅಪ್ಪ ಖ್ಮೈಸ್ ಬಾಗಿಲಲ್ಲೇ ನಿಂತಿದ್ದರು. ತಪ್ಪಿಸಿಕೊಳ್ಳಲು ನೋಡಿದೆ. ಕೈ ಹಿಡಿದುಕೊಂಡರು.

"ಮೇಷ್ಟ್ರೇ, ನೀವು ಕೂಡ್ಲೇ ಆಟ ನಿಲ್ಲಿಸಿದ್ರಂತೆ. ದೇವ್ರು ಚೆನ್ನಾಗಿಟ್ಟಿರ್ಲಿ ನಿಮ್ಮನ್ನ." ಆಮೇಲೆ ಮೆಲ್ಲಗೆ, "ಆ ಗೋಲು ಮಾತ್ರ ಕೊಟ್ಬಿಡಿ. ಅವನ ಕೊನೇ ಪಾಸು ಅದು. ಅವರಮ್ಮ ಮನೆಗೆ ಬಂದೋರಿಗೆಲ್ಲ ಅದನ್ನೇ ಹೇಳ್ಕೊಂಡು ಅಳ್ತಾಳೆ. ಪೇಪರಲ್ಲಿ ಸೊನ್ನೆ ಅಂತ ಬಂದಿದೆ."

ನೋಡ್ತೀನಿ ಅಂದೆ. ನೋಡುವುದೇನು? ಗೋಲು ಕೊಟ್ಟರೆ ನಾನು ಸೀಟಿ ಊದಿರಲಿಲ್ಲ ಅಂತಲೇ ಆಯಿತು. ಸೀಟಿ ಹೋಗುತ್ತದೆ, ನೌಕರಿಯೂ ಹೋಗಬಹುದು. ಆ ಮನುಷ್ಯ ಹಿಡಿದ ಕೈ ಇನ್ನೂ ತೊಳೆದಿಲ್ಲ.

ಫೆಬ್ರವರಿ 24, ಸೋಮವಾರ, ಬೆಳಿಗ್ಗೆ 6

ಹೊಸ ವರದಿ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಫಲಿತಾಂಶ: ಒಂದು–ಸೊನ್ನೆ. ಪಾಸ್ ಕೊಟ್ಟವನು: ವಜ್ದಿ.

ಸೀಟಿ ಊದಿದ ಸಮಯ: ಗೋಲಾದ ಮೇಲೆ. ಪೆಟ್ಟು ಬಿದ್ದದ್ದನ್ನು ಕಣ್ಣಾರೆ ಕಂಡೆ. ಸೀಟಿ ಬಾಯಲ್ಲೇ ಇತ್ತು. ನಾನು ಎಣಿಸುತ್ತಿದ್ದೆ.