ಕೀಳದೆ ಬಿಟ್ಟ ಮೂಲಂಗಿ

ವಿಕ್ರೋಳಿ
೩೧ ಜನವರಿ ೨೦೨೬, ಶನಿವಾರ

ಪ್ರೀತಿಯ ನೂರೀನ,

ಬರೀ ಮೂಲಂಗಿಯ ಸುದ್ದಿ ಬರೆದು ಈ ಪತ್ರ ಮುಗಿಸುವವಳಿದ್ದೆ. ಇನ್ನೊಂದು ಮಾತಿದೆ, ಬರೆಯುತ್ತೇನೆ, ಆದರೆ ಕೊನೆಗೆ. ಫೋನಿನಲ್ಲಾದರೆ ನೀನು ನಗಿಸುತ್ತೀ, ನಾನು ಜಾರಿಕೊಳ್ಳುತ್ತೇನೆ. ನೀವು ಅಂಧೇರಿಗೆ ಹೋದ ತಿಂಗಳೇ ಬರೆಯಬೇಕಿತ್ತು. ತಡವಾಯಿತು, ಬೈಯಬೇಡ.

ಬಿಲ್ಡಿಂಗಿನ ಹಿಂದೆ ನಿನ್ನ ಅಮ್ಮಿಯ ಮದರಂಗಿ ಗಿಡವಿದ್ದ ಜಾಗ ನೆನಪಿದೆಯಲ್ಲ? ಏಳು ವರ್ಷ ನನ್ನ ಕಾರು ನಿಂತು ಆ ಮಣ್ಣು ಕಲ್ಲಾಗಿತ್ತು. ಕಾರು ಮಾರಿದ ಮೇಲೆ ಗುದ್ದಲಿ ಹಾಕಿದರೆ ಠಣ್ ಎಂದಿತು. ಉದ್ದ ಬೇರಿನ ಮೂಲಂಗಿ ಬಿತ್ತಿ, ಕೀಳದೆ ನೆಲದಲ್ಲೇ ಕೊಳೆಯಲು ಬಿಟ್ಟರೆ ಮಣ್ಣು ಸಡಿಲವಾಗುತ್ತದೆಂದು ಒಂದು ಇಂಗ್ಲಿಷ್ ಪುಸ್ತಕದಲ್ಲಿ ಓದಿ, ಅಕ್ಟೋಬರಿನಲ್ಲಿ ಬಿತ್ತಿದೆ. ಹಿಮ ಬಿದ್ದಾಗ ಗಿಡ ತಾನೇ ಸಾಯುತ್ತದೆ ಎಂದೂ ಅದರಲ್ಲಿತ್ತು. ವಿಕ್ರೋಳಿಯಲ್ಲಿ ಹಿಮ! ಅಷ್ಟೂ ಯೋಚಿಸಲಿಲ್ಲ ನಾನು. ಡಿಸೆಂಬರ್ ಬಂತು, ಮನೆಯಲ್ಲಿ ಫ್ಯಾನ್ ಓಡುತ್ತಲೇ ಇತ್ತು, ಮೂಲಂಗಿ ಹೂ ಬಿಟ್ಟು ನಿಂತಿತು.

ಮೆಟ್ಟಿಲು ಗುಡಿಸುವ ರುದ್ರವ್ವನಿಗೆ ತಡೆಯಲಾಗಲಿಲ್ಲ.

"ಏನ್ರೀ ಅಕ್ಕಾರ, ತಿನ್ನೂದು ಬಿಟ್ಟು ಮಣ್ಣಿಗೆ ಉಣಸ್ತೀರಿ?"

"ಕೊಳೀಲಿ ಅಂತಲೇ ಹಾಕಿದ್ದು ಮಾರಾಯ್ತಿ. ಸಾಯ್ತಾನೇ ಇಲ್ಲ."

"ತಲಿ ಇದ್ದದ್ದು ಹೆಂಗ ಸಾಯ್ತದ? ಕುಡಗೋಲ ತರ್ತೀನಿ, ಸರೀರಿ."

ನೆಲಕ್ಕೆ ಸಮನಾಗಿ ಕೊಯ್ದಳು. ಎಳೆ ಸೊಪ್ಪು ಅವಳ ಪಲ್ಯಕ್ಕೆ ಹೋಯಿತು, ಬೇರು ಮಣ್ಣಿನಲ್ಲೇ ಉಳಿಯಿತು. ಆಮೇಲೆ ಬೇರು ಕೊಳೆತು ಹಬ್ಬಿದ ನಾತಕ್ಕೆ ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಕಾಶಿನಾಥರು ಎರಡು ವಾರ "ಅರೆ, ಗ್ಯಾಸ್ ಲೀಕ್ ಹೈ ಕ್ಯಾ?" ಎನ್ನುತ್ತ ಮನೆಮನೆ ಸುತ್ತಿದರು.

ಇವತ್ತು ಬೆಳಿಗ್ಗೆ ಕಬ್ಬಿಣದ ಸರಳು ಚುಚ್ಚಿ ನೋಡಿದೆ. ಮೊಣಕೈ ಆಳಕ್ಕೆ ಸಲೀಸಾಗಿ ಇಳಿಯಿತು. ಬೇರುಗಳಿದ್ದಲ್ಲಿ ತೂತು, ತೂತಿನಲ್ಲಿ ಎರೆಹುಳ. ಅಲ್ಲೇ ಕೂತುಬಿಟ್ಟೆ, ಅಷ್ಟು ಹಗುರಾಯಿತು.

"ಈಗೇನ್ ಹಚ್ಚತೀರಿ?" ಎಂದು ರುದ್ರವ್ವ ಕೇಳಿದಳು. ಅದನ್ನು ಅಮ್ಮಿ ಹೇಳಬೇಕು.

ಅಮ್ಮಿಗೆ ಸಲಾಂ. ಅವರ ಮೊಣಕಾಲು ನೋವು ಇಳಿಯಲಿ, ನಿಮ್ಮ ಹೊಸ ಮನೆಯಲ್ಲಿ ನಗು ತುಂಬಿರಲಿ.

ನಿನ್ನ
ವಿಜೇತಾ

ತಾ.ಕ.: ಮದರಂಗಿ ಕಡಿಸಿದ್ದು ಕಾಶಿನಾಥರಲ್ಲ. ನೀವು ಊರಿಗೆ ಹೋಗಿದ್ದ ವಾರ, ಹೊಸ ಕಾರಿಗೆ ಜಾಗ ಬೇಕೆಂದು ನಾನೇ ಅರ್ಜಿ ಕೊಟ್ಟು ಕಡಿಸಿದೆ. ಅವರು ಯಾಕೋ ನನ್ನ ಹೆಸರು ಎತ್ತಲಿಲ್ಲ. ಅಮ್ಮಿ ಅವರನ್ನು ಶಪಿಸುವಾಗ ನಾನು ಪಕ್ಕದಲ್ಲೇ ಕೂತು, ಅಮ್ಮಿ ಮಾಡಿಕೊಟ್ಟ ಚಹಾ ಕುಡಿದೆ. ಅಂದು ಕಡಿದ ರಾಶಿಯಿಂದ ಹೆಕ್ಕಿ ಅಮ್ಮಿ ಕುಂಡದಲ್ಲಿ ಚಿಗುರಿಸಿದ ಕಡ್ಡಿಗೆ ಈಗ ನೆಲವಿದೆ. ತರುವುದು, ಬಿಡುವುದು ನಿಮಗೆ ಸೇರಿದ್ದು. ನಾಳೆ ಕಾಶಿನಾಥರ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ. ಈ ಪತ್ರ ಪೋಸ್ಟ್ ಮಾಡುವುದು ನಾಡಿದ್ದು ಸೋಮವಾರ, ಫೆಬ್ರವರಿ ಎರಡಕ್ಕೆ.