ಉಡಿಯಲ್ಲಿ ಬಿದ್ದ ಸ್ಪ್ರಿಂಗು

ರಾಯಚೂರು
೨೧ ಜನವರಿ ೨೦೨೫, ಮಂಗಳವಾರ

ಮೌನೇಶ್ವರಿಯ ಅಪ್ಪನವರಿಗೆ ಹುಲಗೆಮ್ಮನ ನಮಸ್ಕಾರ.

ಕಣ್ಣಿನ ಪಟ್ಟಿ ಬಿಚ್ಚಿದರೇ? ಹನಿ ಔಷಧ ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳುತ್ತಿದ್ದೀರೋ, ಇಲ್ಲಾ ಮಗಳಿಗೆ ನೆಪ ಹೇಳುತ್ತಿದ್ದೀರೋ? ನಾನು ಗಟ್ಟಿಯಾಗಿದ್ದೇನೆ. ಫೋನ್ ಬಿಟ್ಟು ಕಾಗದ ಬರೆಯಲು ಕಾರಣ, ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ. ಮೌನೇಶ್ವರಿ, ಅಪ್ಪನಿಗೆ ಓದಿ ಹೇಳುವಾಗ ಒಂದು ಸಾಲೂ ನುಂಗಬೇಡವ್ವಾ.

ನಿಮ್ಮ ಗಡಿಯಾರ ರಿಪೇರಿ ಅಂಗಡಿಯ ಬಾಗಿಲು ತೆಗೆದಿದ್ದೇನೆ. ಕಣ್ಣಿನ ಆಪರೇಷನ್ನಿಗೆಂದು ಮಗಳ ಊರು ಕರ್ನೂಲಿನ ಬಸ್ಸು ಹತ್ತುವಾಗ ನೀವು ಅಂದದ್ದು ಮರೆತಿಲ್ಲ: "ಶಟರ್ ಎತ್ತಬ್ಯಾಡ. ಹತ್ತಿ ಬಿಡಿಸೋ ಕೈಗೆ ಸ್ಪ್ರಿಂಗ್ ದಕ್ಕಂಗಿಲ್ಲ." ಮೂರು ವರ್ಷದ ಹಿಂದೆ ಒಂದು ಸ್ಪ್ರಿಂಗ್ ಕಳೆದಾಗ, ನಾನೇ ಕಸದ ಜೊತೆ ಗುಡಿಸಿದೆನೆಂದು ಮೇಜು ಮುಟ್ಟದಂತೆ ಮಾಡಿದಿರಿ. ಅಂದಿನಿಂದ ಸ್ಟೂಲಿನ ಮೇಲೆ ಕುಳಿತು ವಾಚಿನ ಬೆಲ್ಟು ಬದಲಿಸುತ್ತ ನಿಮ್ಮ ಕೈಯನ್ನೇ ನೋಡಿದ್ದೇನೆ. ನೋಡುವುದಕ್ಕೆ ನೀವು ಅಡ್ಡಿ ಹೇಳಿರಲಿಲ್ಲವಲ್ಲ.

ಮೊನ್ನೆ ಮಹಮ್ಮದ್ ಹುಸೇನ್ ಸಾಹೇಬರು ಬಂದರು, ಜೀವಮಾನವೆಲ್ಲ ಗೂಡ್ಸ್ ರೈಲು ಓಡಿಸಿದವರು. ಕೈಯಲ್ಲಿ ಗೇಣುದ್ದದ ಮಾದರಿ ಎಂಜಿನ್. ಮೋಟರಿನ ಕಾರ್ಬನ್ ತುಂಡನ್ನು ಒತ್ತಿ ಹಿಡಿಯುವ ಸ್ಪ್ರಿಂಗುಗಳು ಸೋತು, ಓಡುತ್ತ ಓಡುತ್ತ ನಿಲ್ಲುತ್ತಿತ್ತು. ಪೊಟ್ಟಣದಲ್ಲಿ ಹೊಸವು ಎರಡೇ ಇದ್ದವು, ಒಂದೊಂದೂ ಜೀರಿಗೆ ಕಾಳಿನಷ್ಟು. "ಊರೂರು ತಿರುಗಿದ ಮ್ಯಾಲ ಇವೆರಡು ಸಿಕ್ಕಾವ ಬೆಹನ್. ಮಾಸ್ತರ ಬರಲಿ" ಅಂದರು, ನಿಮ್ಮನ್ನು ನೆನೆದು. "ಮಾಸ್ತರಗ ನಿಮ್ಮ ಮುಖಾನ ಕಾಣವಲ್ದು, ಇದೇನ್ ಕಾಣ್ತತ್ರಿ? ಇಡ್ರಿ ಇಲ್ಲಿ. ಒಂದು ಕಳದ್ರೂ ಈ ಮೇಜು ಇನ್ನ ಮುಟ್ಟಂಗಿಲ್ಲ" ಅಂದೆ. ಬಾಯಿ ತಪ್ಪಿ ಬಂದ ಮಾತಲ್ಲ, ಅಳೆದೇ ಆಡಿದ್ದು.

ಮಲ್ಲಟದ ಹೊಲದಲ್ಲಿ ಹತ್ತಿ ಬಿಡಿಸುವಾಗಿನಂತೆ ಸೀರೆಯ ಉಡಿ ಕಟ್ಟಿದೆ. ಅದರ ಅಂಚನ್ನು ಬಟ್ಟೆ ಒಣಹಾಕುವ ಎರಡು ಕ್ಲಿಪ್ಪಿನಿಂದ ಮೇಜಿಗೆ ಸಿಕ್ಕಿಸಿದೆ. ಸಾಹೇಬರು ಮೀಸೆಯಲ್ಲೇ ನಕ್ಕರು. ಮೊದಲನೆಯದು ಸುಮ್ಮನೆ ಕುಳಿತಿತು. ಎರಡನೆಯದು ಚಿಮಟದಿಂದ ಹಾರಿತು ನೋಡಿ! ಅವರು "ಯಾ ಅಲ್ಲಾ" ಎಂದು ನಿಮ್ಮ ಮ್ಯಾಗ್ನೆಟ್ ಹಿಡಿದು ನೆಲಕ್ಕೆ ಬಗ್ಗಿದರು. "ಅಲ್ಲಾಡಬ್ಯಾಡ್ರಿ. ಅದು ಕಂಚು, ಮ್ಯಾಗ್ನೆಟ್ಟಿಗೆ ಹತ್ತತೇನ್ರಿ?" ಅಂದೆ. ಉಡಿಯ ಮಡಿಕೆ ಒಂದೊಂದೇ ಬಿಡಿಸಿದೆ. ಮೂರನೆಯದರಲ್ಲಿ ಮಲಗಿತ್ತು, ತೊಟ್ಟಿಲ ಕೂಸಿನಂತೆ. ಈ ಸಲ ಅದರೊಳಗೆ ದಾರ ಪೋಣಿಸಿ, ತುದಿ ಬೆರಳಿಗೆ ಸುತ್ತಿ, ಕೂರಿಸಿ, ಮುಚ್ಚಿ, ಮೆಲ್ಲಗೆ ದಾರ ಎಳೆದುಕೊಂಡೆ. ಎಂಜಿನ್ ಸಾಹೇಬರು ಜೊತೆಗೆ ತಂದಿದ್ದ ದುಂಡು ಹಳಿಯ ಮೇಲೆ ಹನ್ನೊಂದು ಸುತ್ತು ನಿಲ್ಲದೆ ಓಡಿತು, ಎಣಿಸಿದ್ದೇನೆ. ಸಾಹೇಬರು ಬಾಯಲ್ಲೇ ಸೀಟಿ ಊದಿದರು.

ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ, ನೀವು ಬಂದ ಮೇಲೂ ನಾನು ಮೇಜು ಬಿಟ್ಟು ಏಳುವುದಿಲ್ಲ. ಬೇಕಾದರೆ ಎದುರಿಗೆ ಇನ್ನೊಂದು ಕುರ್ಚಿ ಹಾಕಿಕೊಳ್ಳೋಣ. ಸ್ಟೂಲಂತೂ ಖಾಲಿ ಇದೆ.

ಕಣ್ಣು ಬೇಗ ತಿಳಿಯಾಗಲಿ. ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ.

ಮೇಜಿನಿಂದ,
ನಿಮ್ಮ ಹುಲಗೆಮ್ಮ

ತಾ.ಕ.: ಈ ಕಾಗದ ಒಯ್ಯುವ ಕರ್ನೂಲು ಬಸ್ಸಿನವನು ಅವಸರ ಮಾಡುತ್ತಿದ್ದಾನೆ. ನೀವೀಗ ತೆಳ್ಳಗಾಗಿದ್ದೀರೆಂದು ಮಗಳು ಕೇಳಿದ ನಿಮ್ಮ ಬೂದು ಪ್ಯಾಂಟು ಕಳಿಸಿದ್ದೇನೆ. ಆ ಸ್ಪ್ರಿಂಗ್ ಕಳೆದ ದಿನ ತೊಟ್ಟು, ಆಮೇಲೆ ಹೊಟ್ಟೆ ಹಿಡಿಸಲಿಲ್ಲವೆಂದು ಟ್ರಂಕಿಗೆ ಹಾಕಿದ್ದಿರಲ್ಲ, ಅದೇ. ಕಾಲಿನ ಮಡಿಕೆಯಲ್ಲಿ ಏನೋ ಚುಚ್ಚಿತು. ಅದನ್ನು ಈ ಕಾಗದದ ಕೆಳಗೆ ದಾರದಿಂದ ಹೊಲಿದಿದ್ದೇನೆ. ಪಟ್ಟಿ ಬಿಚ್ಚಿದ ಮೇಲೆ ಮೊದಲು ಅದನ್ನೇ ನೋಡಿ.