ಚೆಂಡು ಬಿದ್ದ ಕಡೆ

ಗೆಳೆಯ ಅಮೀನ್,

ಈ ಭಾನುವಾರ ಗುಬ್ಬಿ ರಸ್ತೆಯ ನಮ್ಮ ಬತ್ತಿದ ಕೆರೆಯಂಗಳಕ್ಕೆ ಹೋಗಿದ್ದೆ. ನೀನಿಲ್ಲದೆ ಹೋದದ್ದು ಇದೇ ಮೊದಲು. ಕೊನೆಯದಾಗಿ ಒಂದಿಷ್ಟು ಚೆಂಡು ಹೊಡೆದು ಗಾಲ್ಫ್ ಚೀಲವನ್ನು ಅಟ್ಟಕ್ಕೆ ಹಾಕಿಬಿಡೋಣ ಎಂದುಕೊಂಡಿದ್ದೆ.

ಈ ಆಟ ನಮ್ಮಿಬ್ಬರದೂ ಆಗಿರಲಿಲ್ಲ. ಸತ್ಯಮಂಗಲದ ಕಾರ್ಖಾನೆಯಲ್ಲಿ ನಾನು ಖರೀದಿ ನೋಡಿಕೊಳ್ಳುವವನು. ನೀನು ಪಕ್ಕದ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡಿದ್ದವನು. ಹಳೆಯ ಮಾಲೀಕರು ಬಿಟ್ಟುಹೋದ ಗಾಲ್ಫ್ ಕೋಲುಗಳ, ಅಂದರೆ ಕ್ಲಬ್ಬುಗಳ, ಚೀಲ ನನ್ನ ಪಾಲಿಗೆ ಬಂತು. ಅದರ ಜೊತೆಗೆ, ವರ್ಷಕ್ಕೊಮ್ಮೆ ಬೆಂಗಳೂರಿನಲ್ಲಿ ಗಿರಾಕಿಗಳ ಜೊತೆ ಆಡುವ ಕೆಲಸವೂ. ಮೊದಲ ಸಲ ನಾನು ಬೀಸಿದ ಕ್ಲಬ್ಬು ಚೆಂಡನ್ನು ಮುಟ್ಟಲೇ ಇಲ್ಲ. ಯಾರೂ ನಗಲಿಲ್ಲ. ಅವರು ನಗದೇ ಇದ್ದದ್ದು ಬಹಳ ದಿನ ನನ್ನೊಳಗೆ ಕೂತಿತ್ತು.

ನೀನು ಫೋನಿನಲ್ಲಿ ವಿಡಿಯೊ ನೋಡಿ ನನಗೆ ಗುರುವಾದೆ. "ಕೈ ಸರಿಯಾಗೈತೆ, ಸೊಂಟಾನೂ ತಿರುಗ್ತೈತೆ. ನಿನ್ ಪ್ರಾಬ್ಲಮ್ಮೇ ತಲೆ ಕಣೋ ಷಡಕ್ಷರಿ. ಹೊಡೆಯೋಕ್ ಮುಂಚೇನೇ ಎತ್ತಿ ನೋಡ್ತೀಯ. ನೀನು ನೆಲ ನೋಡ್ಕೊಂಡಿರು. ಎಲ್ಲೋಯ್ತು ಅಂತ ನೋಡೋಕೆ ನಾನಿಲ್ವಾ?"

ಅಲ್ಲಿಂದ ಅದೇ ನಮ್ಮ ಪದ್ಧತಿಯಾಯಿತು. ಹೊಡೆದ ಮೇಲೂ ನಾನು ಚೆಂಡಿದ್ದ ಜಾಗವನ್ನೇ ನೋಡುತ್ತ ನಿಲ್ಲಬೇಕು. ನೀನು ಹಿಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೆಟ್ಟಗೋಯ್ತು" ಎನ್ನಬೇಕು. ಆಮೇಲೆ ಮಂಡಿನೋವಿನ ನನ್ನನ್ನು ಹೊಂಗೆ ಮರದಡಿ ಕೂರಿಸಿ, ಚೆಂಡು ಹೆಕ್ಕಲು ನೀನೇ ಹೋಗಬೇಕು. ಹೋದ ಚೆಂಡುಗಳಲ್ಲಿ ಅರ್ಧವೂ ವಾಪಸು ಬರುತ್ತಿರಲಿಲ್ಲ. "ಕೊಲ್ಲಾಪುರಮ್ಮನ ಕುರಿ ತಿಂದಿರ್ತವೆ ಬಿಡು" ಎಂದು, ಅಲ್ಲಿ ಕುರಿ ಮೇಯಿಸುವವಳ ಹೆಸರೆತ್ತಿ ನೀನು ನಗುತ್ತಿದ್ದೆ. ನಾನು ನೋಡಲಿಲ್ಲ; ನಂಬಿದೆ. ನನ್ನ ಭುಜಗಳು ಹಗುರಾದವು.

ಈ ವರ್ಷ ಬೆಂಗಳೂರಿನಲ್ಲಿ ನನ್ನ ಚೆಂಡುಗಳೆಲ್ಲ ಬಲಕ್ಕೆ ತಿರುಗಿ ಮರಗಳೊಳಗೆ ಹೋದವು. ಬಂದು ಹೇಳಿದೆ. "ಅಲ್ಲಿ ತಲೆ ಎತ್ತಿರ್ತೀಯ" ಎಂದೆ ನೀನು, ಒಂದಿಷ್ಟೂ ಅನುಮಾನವಿಲ್ಲದೆ. ಮುಂದಿನ ವಾರ ನಿನ್ನ ಎದೆಬಡಿತ ನಿಂತಿತು.

ನೀನು ಹೋದ ನಲವತ್ತನೆಯ ದಿನ ಸದಾಶಿವನಗರದ ನಿಮ್ಮ ಮನೆಗೆ ಹೋಗಿದ್ದೆ. ನಿನ್ನ ಹೆಂಡತಿ ಮುಬಶ್ಶಿರಾ ಟೀ ಲೋಟ ಕೊಡುತ್ತ, "ಶುಗರ್ ಕಣ್ಣಿಗೆ ಬಂದಿತ್ತಲ್ಲ ಅಣ್ಣ, ಬಾಗಿಲಲ್ಲಿ ನಿಂತ್ರೆ ಗೇಟು ಕಾಣ್ತಿರಲಿಲ್ಲ ಅವರಿಗೆ. ನಿಮಗೂ ಹೇಳಿರ್ಲಿಲ್ವಾ?" ಎಂದರು. ಹೇಳಿರಲಿಲ್ಲ. ಸ್ಕೂಟರು ಓಡಿಸುವುದನ್ನು ಬಿಟ್ಟದ್ದು ಬೆನ್ನುನೋವಿಗೆ ಎಂದಿದ್ದೆ ನೀನು. ಲೋಟ ಕೆಳಗಿಟ್ಟೆ. ಅಷ್ಟೂ ಭಾನುವಾರಗಳ "ನೆಟ್ಟಗೋಯ್ತು" ಬರೀ ಬಾಯಿಮಾತಾಗಿತ್ತು ಎಂದು ಗೊತ್ತಾಯಿತು. ನನ್ನ ಮೇಲಿನ ಕನಿಕರಕ್ಕೆ ಹಾಗೆ ಹೇಳಿದೆಯೋ, ನಿನ್ನ ಕಣ್ಣನ್ನು ಮುಚ್ಚಿಡಲಿಕ್ಕೋ. ಎರಡನ್ನೂ ಕ್ಷಮಿಸಬಹುದಿತ್ತು. ಆದರೆ ಕ್ಲಬ್ಬು ಹಿಡಿದರೆ ಕೈ ಕಲ್ಲಾಗುತ್ತಿತ್ತು.

ಈ ಭಾನುವಾರ ಕೊಲ್ಲಾಪುರಮ್ಮ ಏರಿಯ ಮೇಲೆ ಕುರಿ ಬಿಟ್ಟುಕೊಂಡು ಕೂತಿದ್ದಳು. "ಸಾಬ್ರು ಬರ್ಲಿಲ್ವಾ?" ಎಂದಳು. ಇಲ್ಲವಾದದ್ದನ್ನು ಹೇಳಿದೆ. ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಬಲಗಡೆಯ ಜಾಲಿ ಮೆಳೆಯತ್ತ ಕೈ ತೋರಿಸಿದಳು. "ನಿನ್ ಚೆಂಡೆಲ್ಲ ಅಲ್ಲೇ ಅವೆ ನೋಡು. ಆ ಯಪ್ಪ ನಡುಮಧ್ಯ ಮಂಡಿಯೂರ್ಕಂಡು ನೆಲ ತಡಕಾಡೋನು. ಬಲಕ್ಕೋಗಿ ಸಾಬ್ರೇ ಅಂದ್ರೆ ನನ್ಗೇ ಬಯ್ಯೋನು. 'ಸುಮ್ಕಿರಮ್ಮ, ಸದ್ದು ಕೇಳಿಸ್ಲಿಲ್ವಾ ನಿಂಗೆ? ನಮ್ ಷಡಕ್ಷರಿ ಹೊಡೆದ್ರೆ ನೆಟ್ಟಗೇ ಹೋಗೋದು. ನಿನ್ ಕುರಿ ಬಾಯಿ ತೆಗ್ಸು' ಅನ್ನೋನು."

ಮುಳ್ಳಿನ ಬುಡದಲ್ಲಿ ಚೆಂಡುಗಳಿದ್ದವು, ಬಿಸಿಲಿಗೆ ಹಳದಿಯಾಗಿ.

ಹಾಗಾದರೆ ನೀನು ಸುಳ್ಳು ಹೇಳಿರಲಿಲ್ಲ. ಕಾಣದ ಕಣ್ಣಿನಲ್ಲಿ, ಬರೀ ಸದ್ದು ಕೇಳಿ, ನಂಬಿದ್ದೆ. ನಂಬಿದ್ದಕ್ಕೇ ಆ ಖಾಲಿ ನಡುವಿನಲ್ಲಿ ಮಂಡಿಯೂರಿ ಹುಡುಕುತ್ತಿದ್ದೆ. ಸುಳ್ಳಾಗಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಒಂದು ಚೆಂಡು ಇಟ್ಟು ಹೊಡೆದೆ. ತಲೆ ಎತ್ತಲಿಲ್ಲ. ಸದ್ದು ಚೆನ್ನಾಗಿತ್ತು, ಅಮೀನ್. ಹಿಂದಿನಿಂದ ಯಾರೂ ಏನೂ ಹೇಳದಿದ್ದರೂ, ನೀನು ಹೇಳಲು ತೆಗೆದುಕೊಳ್ಳುತ್ತಿದ್ದಷ್ಟು ಹೊತ್ತು ನೆಲವನ್ನೇ ನೋಡುತ್ತ ನಿಂತೆ. ಆಮೇಲೆ ನೆಟ್ಟಗೆ ನಡೆದು, ಕೆರೆಯ ನಡುವೆ, ಒಡೆದ ಮಣ್ಣಿನ ಮೇಲೆ ನೋಯುವ ಮಂಡಿಯೂರಿ ಹುಡುಕಿದೆ. ಏರಿಯ ಮೇಲಿನಿಂದ ಕೊಲ್ಲಾಪುರಮ್ಮ, "ಬಲಕ್ಕೆ, ಬಲಕ್ಕೆ" ಎಂದು ಕೂಗುತ್ತಲೇ ಇದ್ದಳು. ನಾನು ಆ ಕಡೆ ಹೋಗಲಿಲ್ಲ.

ಚೀಲ ಇನ್ನೂ ಕಾರಿನಲ್ಲೇ ಇದೆ.

ನೀನಿರುವಲ್ಲಿ ನಿನ್ನ ಕಣ್ಣಿಗೆ ದೂರದ್ದೆಲ್ಲ ನಿಚ್ಚಳವಾಗಿ ಕಾಣಲಿ. ನಾನು ಹೊಡೆಯುವಾಗ ಮಾತ್ರ ಈ ಕಡೆ ನೋಡಬೇಡ.

ನಿನ್ನ
ಷಡಕ್ಷರಿ